ನಲವತ್ತಾರು ಮತಗಳ ಕ್ಷೇತ್ರ

ಮಗಳ ಬಾಣಂತನಕ್ಕೆಂದು ನಾನು ಪರ್ತ್ ನಗರಕ್ಕೆ ಹೋದೆ. ಸಾಗರದಂಥ ಊರಿನಲ್ಲಿ ಬದುಕು ಕಳೆದ ನನಗೆ ಬೆಂಗಳೂರೇ ದೂರ. ಅಲ್ಲಿಂದ ಸಿಂಗಪುರ, ಸಿಂಗಪುರದಿಂದ ಮತ್ತೆ ಐದು ಗಂಟೆ ಹಾರಿದರೆ ಪಶ್ಚಿಮ ಆಸ್ಟ್ರೇಲಿಯಾದ ಆ ರಾಜಧಾನಿ. ಬಾಣಂತನಕ್ಕೆ ಹೋದವಳು ಮಗುವಿಗೆ ಎಣ್ಣೆ ನೀರು ಹಾಕಿ, ಬಾಣಂತಿಗೆ ಮೆಣಸಿನ ಸಾರು ಮಾಡಿ ಬಡಿಸಿ ಬರಬೇಕು. ಅದು ಬಿಟ್ಟು ಅಲ್ಲಿಯ ಯಾವುದೋ ಮತಕ್ಷೇತ್ರದ ಚರಿತ್ರೆ ಹೇಳಲು ಹೊರಟಿದ್ದಾಳಲ್ಲ ಎಂದು ನಿಮಗೆ ಅನಿಸಬಹುದು. ನಮ್ಮ ಮನೆಯವರೂ ಹಾಗೆಂದೇ ನಕ್ಕರು. ಆದರೆ ನಾನೇನೂ ಅದನ್ನು ಹುಡುಕಿಕೊಂಡು ಹೋಗಲಿಲ್ಲ. ಸೊಪ್ಪು ತರಕಾರಿ ತರಲು ಮಗಳು ನನ್ನ ಕೈಗೆ ಕೊಟ್ಟ ಐವತ್ತು ಡಾಲರಿನ ನೋಟಿನಲ್ಲಿ ಅದು ತಾನಾಗಿಯೇ ಸಿಕ್ಕಿತು.

ಆ ನೋಟಿನ ಮೇಲೆ ನಡುವಯಸ್ಸು ದಾಟಿದ ಒಬ್ಬ ಹೆಂಗಸಿನ ಚಿತ್ರವಿತ್ತು. ರಾಣಿ ಎಲಿಜಬೆತ್ ಇರಬೇಕು ಅಂದುಕೊಂಡೆ. ಅಳಿಯ, "ಅಲ್ಲ ಅತ್ತೆ, ರಾಣಿ ಇರೋದು ಐದು ಡಾಲರಿನ ನೋಟಿನಲ್ಲಿ. ಇವರು ಎಡಿತ್ ಕೌವನ್ ಅಂತ. ನಿಮ್ಮ ಮೊಮ್ಮಗಳು ಹುಟ್ಟಿದ ಆಸ್ಪತ್ರೆ ಬರಲಿಕ್ಕೆ ಇವರೂ ಓಡಾಡಿದ್ದರಂತೆ" ಎಂದ. ಕಿಂಗ್ ಎಡ್ವರ್ಡ್ ಮೆಮೋರಿಯಲ್ ಆಸ್ಪತ್ರೆ ಅದು. 1916ರಲ್ಲಿ ಶುರುವಾದ ಹೆರಿಗೆ ಆಸ್ಪತ್ರೆ. ನೂರು ವರ್ಷಕ್ಕೂ ಹಿಂದಿನ ಒಬ್ಬ ಹೆಂಗಸಿನ ಓಡಾಟ ನನ್ನ ಮೊಮ್ಮಗಳ ತೊಟ್ಟಿಲಿನವರೆಗೆ ಬಂದು ನಿಂತಿದೆಯಲ್ಲ ಎಂದು ಆಶ್ಚರ್ಯವಾಯಿತು.

ಅದೇ ವಾರ ಮಗಳಿಗೆ ಸರ್ಕಾರದ ಒಂದು ಪತ್ರ ಬಂತು. ಅವಳು ಅಲ್ಲಿಯ ಪೌರತ್ವ ತೆಗೆದುಕೊಂಡಿದ್ದಾಳೆ. ಅಲ್ಲಿ ಮತ ಹಾಕುವುದು ಕಡ್ಡಾಯ. ಹಾಕದಿದ್ದರೆ ಕಾರಣ ಕೇಳುತ್ತಾರೆ, ಕಾರಣ ಸರಿಯಿಲ್ಲದಿದ್ದರೆ ದಂಡ. ದಿನ ತುಂಬಿದ ಬಸುರಿಯಾಗಿದ್ದ ಇವಳು ಆ ರಾಜ್ಯದ ಚುನಾವಣೆಗೆ ಹೋಗಿರಲಿಲ್ಲ. ಬಸುರಿ ಎಂದು ಬರೆದು ಕಳಿಸಿದರೆ ಮುಗಿಯಿತು. ಆದರೆ ಇವಳು ಪತ್ರವನ್ನು ಮೇಜಿನ ಮೇಲೆ ಎಸೆದು, "ಆರೋಗ್ಯ ಸರಿ ಇದ್ದಿದ್ರೂ ನಾನು ಹೋಗ್ತಿರಲಿಲ್ಲ ಬಿಡಮ್ಮ. ನನ್ನ ಒಂದು ಮತದಿಂದ ಏನಾಗತ್ತೆ?" ಅಂದಳು.

ಹಸಿ ಬಾಣಂತಿಯ ಹತ್ತಿರ ವಾದ ಮಾಡಬಾರದೆಂದು ನಾನು ಸುಮ್ಮನಾದೆ. ಆದರೆ ಆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಮಧ್ಯಾಹ್ನ ತಾಯಿ ಮಗು ಮಲಗಿದಾಗ, ಅಳಿಯ ತಂದುಕೊಟ್ಟ ಪುಸ್ತಕಗಳನ್ನು ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಓದತೊಡಗಿದೆ. ಈಗ ಇಲ್ಲವಾಗಿರುವ ವೆಸ್ಟ್ ಪರ್ತ್ ಎಂಬ ಮತಕ್ಷೇತ್ರದ ಕಥೆ ಹೀಗೆ ನನ್ನ ಮುಂದೆ ಬಿಚ್ಚಿಕೊಂಡಿತು.

ಪಶ್ಚಿಮ ಆಸ್ಟ್ರೇಲಿಯಾ ಬ್ರಿಟಿಷರ ಒಂದು ವಸಾಹತು. 1890ರಲ್ಲಿ ಅದಕ್ಕೆ ತನ್ನ ಆಡಳಿತವನ್ನು ತಾನೇ ನಡೆಸಿಕೊಳ್ಳುವ ಅಧಿಕಾರ ಸಿಕ್ಕಿತು. ಆ ವರ್ಷ 30 ಸ್ಥಾನಗಳ ವಿಧಾನಸಭೆಯೊಂದು ಆಯ್ಕೆಯಾಯಿತು. ಆ ಮೂವತ್ತರಲ್ಲಿ ವೆಸ್ಟ್ ಪರ್ತ್ ಒಂದು. ಸ್ವಾನ್ ನದಿಯನ್ನು ನೋಡುತ್ತ ನಿಂತಿರುವ ಕಿಂಗ್ಸ್ ಪಾರ್ಕ್ ಎಂಬ ಗುಡ್ಡದ ಪಕ್ಕದ ಬಡಾವಣೆ ಅದು. ಪೇಟೆಗೆ ಹತ್ತಿರ, ವಕೀಲರು, ಅಧಿಕಾರಿಗಳು, ವ್ಯಾಪಾರಸ್ಥರು ಮನೆ ಕಟ್ಟಿಕೊಂಡಿದ್ದ ಜಾಗ. ತಿಮೋತಿ ಕ್ವಿನ್ಲನ್ ಎಂಬವರು ಮೊದಲ ಶಾಸಕರು. ಆಗ ಹೆಂಗಸರಿಗೆ ಮತವಿರಲಿಲ್ಲ.

ಮತ ಬಂದದ್ದು 1899ರಲ್ಲಿ. ಅದರ ಹಿಂದೆ ಹೆಂಗಸರ ಹೋರಾಟವೂ ಇತ್ತು, ಗಂಡಸರ ಲೆಕ್ಕಾಚಾರವೂ ಇತ್ತು. 1892ರಲ್ಲಿ ಕೂಲ್ಗಾರ್ಡಿಯಲ್ಲಿ, 1893ರಲ್ಲಿ ಕಾಲ್ಗೂರ್ಲಿಯಲ್ಲಿ ಚಿನ್ನ ಸಿಕ್ಕಿತು. ನಮ್ಮ ಕೋಲಾರದ ಹಾಗೆ ಎನ್ನಿ. ಚಿನ್ನದ ಆಸೆಗೆ ಬೇರೆ ವಸಾಹತುಗಳಿಂದ ಗಂಡಸರು ಸಾಲುಗಟ್ಟಿ ಬಂದರು. 1891ರಲ್ಲಿ ಸುಮಾರು 50 ಸಾವಿರವಿದ್ದ ಜನಸಂಖ್ಯೆ 1901ರ ಹೊತ್ತಿಗೆ 1 ಲಕ್ಷ 84 ಸಾವಿರವಾಯಿತು. ಹೊಸದಾಗಿ ಬಂದ ಈ ಗಣಿಯ ಜನ ತಮ್ಮ ಸರ್ಕಾರವನ್ನೇ ಬೀಳಿಸಿಯಾರು ಎಂದು ಹಳಬರಿಗೆ ಅಂಜಿಕೆ. ಹೆಂಗಸರು ಹೆಚ್ಚಾಗಿದ್ದುದು ಪರ್ತ್‌ನಂಥ ಹಳೆಯ ಊರುಗಳಲ್ಲಿ. ಅವರಿಗೆ ಮತ ಕೊಟ್ಟರೆ ತಕ್ಕಡಿ ಸಮನಾದೀತು ಎಂದು ಪ್ರೀಮಿಯರ್ ಜಾನ್ ಫಾರೆಸ್ಟ್ ಅವರ ಕಡೆಯವರು ಎಣಿಸಿದರು. ಬೇಡುವಾಗ ಕೊಡದ ಹಕ್ಕನ್ನು ತಮಗೆ ಬೇಕಾದಾಗ ಕೊಟ್ಟರು. ಇರಲಿ, ಯಾವ ಕಾರಣಕ್ಕೆ ಬಂದರೂ ಬಂದದ್ದು ಬಂದಂತೆಯೇ.

ಆದರೆ ಮತ ಹಾಕಬಹುದಾಗಿದ್ದ ಹೆಂಗಸು ಚುನಾವಣೆಗೆ ನಿಲ್ಲುವಂತಿರಲಿಲ್ಲ. ಅಡುಗೆ ಮಾಡು, ಬಡಿಸು, ಪಂಕ್ತಿಯಲ್ಲಿ ಮಾತ್ರ ಕೂರಬೇಡ ಎಂದ ಹಾಗೆ. ಆ ತಡೆಯನ್ನು ತೆಗೆದ ಕಾನೂನು ಬಂದದ್ದು 1920ರಲ್ಲಿ. ಅದನ್ನು ವಿಧಾನಸಭೆಗೆ ತಂದವರು ಆಗಿನ ಅಟಾರ್ನಿ ಜನರಲ್ ಥಾಮಸ್ ಡ್ರೇಪರ್. ಅವರೇ ವೆಸ್ಟ್ ಪರ್ತ್ ಕ್ಷೇತ್ರದ ಶಾಸಕರು. ಈ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ಎಡಿತ್ ಕೌವನ್ ವಿಷಯಕ್ಕೆ ಬರುತ್ತೇನೆ. ಅವರು ಹುಟ್ಟಿದ್ದು 1861ರಲ್ಲಿ, ಜೆರಾಲ್ಡ್‌ಟನ್ ಊರಿನ ಹತ್ತಿರದ ಗ್ಲೆನ್‌ಗ್ಯಾರಿ ಎಂಬ ಕುರಿ ಸಾಕಣೆಯ ಜಮೀನಿನಲ್ಲಿ. ಏಳು ವರ್ಷದವರಿದ್ದಾಗ ತಾಯಿ ಹೆರಿಗೆಯಲ್ಲಿ ತೀರಿಕೊಂಡರು. ಮಗುವನ್ನು ಪರ್ತ್‌ನ ವಸತಿಶಾಲೆಗೆ ಕಳಿಸಿದರು. ತಂದೆ ಮತ್ತೊಂದು ಮದುವೆಯಾದರು, ಕುಡಿತಕ್ಕೆ ಬಿದ್ದರು; 1876ರಲ್ಲಿ ಆ ಎರಡನೆಯ ಹೆಂಡತಿಯನ್ನು ಗುಂಡಿಟ್ಟು ಕೊಂದು, ಅದೇ ವರ್ಷ ಗಲ್ಲಿಗೇರಿದರು. ಎಡಿತ್‌ಗೆ ಆಗ ಹದಿನಾಲ್ಕು. ನಮ್ಮ ಕಡೆ ಇಂಥ ಮನೆಯ ಹುಡುಗಿಗೆ ಜನ ಏನೇನು ಅನ್ನುತ್ತಿದ್ದರು ಎಂದು ನಿಮಗೆ ಹೇಳಬೇಕಾಗಿಲ್ಲ. ಅಲ್ಲಿಯ ಜನವೂ ಬೇರೆಯಿರಲಾರರು.

ಹದಿನೆಂಟನೆಯ ವಯಸ್ಸಿಗೆ, 1879ರಲ್ಲಿ, ಜೇಮ್ಸ್ ಕೌವನ್ ಎಂಬವರೊಂದಿಗೆ ಮದುವೆಯಾಯಿತು. ನಾಲ್ಕು ಹೆಣ್ಣು, ಒಂದು ಗಂಡು ಮಕ್ಕಳಾದವು. ಗಂಡ ಮುಂದೆ ಪೊಲೀಸ್ ಮ್ಯಾಜಿಸ್ಟ್ರೇಟ್ ಆದರು. ಕೋರ್ಟಿಗೆ ಬರುವ ದಿಕ್ಕಿಲ್ಲದ ಹೆಂಗಸರು, ಬೀದಿಯ ಮಕ್ಕಳು, ಕುಡುಕ ಗಂಡಂದಿರ ಸಂಗತಿಗಳು ಹೀಗೆ ಮನೆಯ ಊಟದ ಮೇಜಿಗೇ ಬಂದವು. ತಾಯಿಯನ್ನು ಹೆರಿಗೆಯಲ್ಲೂ ಮಲತಾಯಿಯನ್ನು ತಂದೆಯ ಕೈಯಲ್ಲೂ ಕಳೆದುಕೊಂಡವರಿಗೆ ಅವು ಪರರ ಕಥೆಗಳಾಗಿ ಕಂಡಿರಲಿಕ್ಕಿಲ್ಲ.

1894ರಲ್ಲಿ ಪರ್ತ್‌ನ ಹೆಂಗಸರು ಕಾರಕಟ್ಟಾ ಕ್ಲಬ್ ಎಂಬ ಸಂಘ ಕಟ್ಟಿದರು. ನಮ್ಮ ಮಹಿಳಾ ಸಮಾಜಗಳ ಹಾಗೆ. ಪುಸ್ತಕ ಓದುವುದು, ಅದರ ಮೇಲೆ ಮಾತಾಡುವುದು, ನಾಲ್ಕು ಜನರ ಎದುರು ಎದ್ದು ನಿಂತು ಮಾತಾಡಲು ಕಲಿಯುವುದು. ಎಡಿತ್ ಅದರ ಮೊದಲ ಕಾರ್ಯದರ್ಶಿ. ಅಲ್ಲಿ ಕಲಿತ ಮಾತು ಮುಂದೆ ಮಕ್ಕಳ ರಕ್ಷಣೆಯ ಸಂಘಕ್ಕೆ, ಹೆರಿಗೆ ಆಸ್ಪತ್ರೆಯ ಬೇಡಿಕೆಗೆ, 1915ರಲ್ಲಿ ಮಕ್ಕಳ ನ್ಯಾಯಾಲಯದ ಪೀಠಕ್ಕೆ ಅವರನ್ನು ಒಯ್ದಿತು. ಮಹಿಳಾ ಸಮಾಜವೆಂದರೆ ಹಪ್ಪಳ-ಸಂಡಿಗೆ, ರಂಗೋಲಿ ಸ್ಪರ್ಧೆ ಎಂದು ಹಾಸ್ಯ ಮಾಡುವವರು ಇದನ್ನು ಒಮ್ಮೆ ಓದಬೇಕು.

1921ರ ಮಾರ್ಚಿನಲ್ಲಿ ಚುನಾವಣೆ ಬಂತು. ಹೆಂಗಸರು ನಿಲ್ಲಬಹುದಾಗಿದ್ದ ಮೊದಲ ಚುನಾವಣೆ. ಎಡಿತ್ ಕೌವನ್ ತಮ್ಮ ಮನೆಯಿದ್ದ ವೆಸ್ಟ್ ಪರ್ತ್‌ನಿಂದಲೇ ನಿಂತರು. ಅವರಿಗಾಗ 59 ವರ್ಷ. ಎದುರಾಳಿ ಯಾರು? ಅದೇ ಡ್ರೇಪರ್. ಇಬ್ಬರೂ ನ್ಯಾಷನಲಿಸ್ಟ್ ಪಕ್ಷದವರೇ. ಈ ಹೆಂಗಸು ಗಂಡ ಮಕ್ಕಳನ್ನು ಬಿಟ್ಟು ಬೀದಿಗೆ ಬಂದಿದ್ದಾಳೆ ಎಂದು ಆಡಿಕೊಂಡವರಿದ್ದರು. ಬಿಟ್ಟು ಬಂದಳೆನ್ನಲು ಮಕ್ಕಳೇನು ಕೈಗೂಸುಗಳೇ? ಎಲ್ಲರೂ ಬೆಳೆದು ದೊಡ್ಡವರಾಗಿದ್ದರು.

ಆಗ ಅಲ್ಲಿ ಮತದಾನ ಕಡ್ಡಾಯವಿರಲಿಲ್ಲ. ಬೇಕೆಂದವರು ಹೋಗಬೇಕು, ಬೇಡವೆಂದವರು ಮನೆಯಲ್ಲಿರಬಹುದು. ಎಣಿಕೆ ಮುಗಿದಾಗ ಎಡಿತ್ ಕೌವನ್ 46 ಮತಗಳಿಂದ ಗೆದ್ದಿದ್ದರು. ಆಸ್ಟ್ರೇಲಿಯಾದ ಯಾವುದೇ ಶಾಸನಸಭೆಗೆ ಆಯ್ಕೆಯಾದ ಮೊದಲ ಮಹಿಳೆ! ಹೆಂಗಸರಿಗೆ ಬಾಗಿಲು ತೆರೆದ ಡ್ರೇಪರ್, ಆ ಬಾಗಿಲಿನಿಂದ ಒಳಗೆ ಬಂದ ಮೊದಲ ಹೆಂಗಸಿಗೇ ತಮ್ಮ ಕುರ್ಚಿ ಬಿಟ್ಟುಕೊಡಬೇಕಾಯಿತು. ಅವರು ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು. ಅವರ ಕಾನೂನು ಮಾತ್ರ ಉಳಿಯಿತು.

ಇದರ ತೂಕ ತಿಳಿಯಬೇಕಾದರೆ ಪಕ್ಕದ ರಾಜ್ಯವನ್ನು ನೋಡಬೇಕು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಹೆಂಗಸರಿಗೆ ಮತ ಹಾಕುವ ಹಕ್ಕೂ ಚುನಾವಣೆಗೆ ನಿಲ್ಲುವ ಹಕ್ಕೂ 1894ರಲ್ಲೇ ಬಂದಿದ್ದವು. ಆದರೆ ಅಲ್ಲಿ ಮೊದಲ ಬಾರಿಗೆ ಹೆಂಗಸರು ಗೆದ್ದದ್ದು 1959ರಲ್ಲಿ. ದೇಶದ ಸಂಸತ್ತಿಗೆ ನಿಲ್ಲುವ ಹಕ್ಕು 1902ರಲ್ಲಿ ಬಂತು. ಮೊದಲ ಇಬ್ಬರು ಒಳಗೆ ಹೋದದ್ದು 1943ರಲ್ಲಿ. ಕಾಗದದ ಮೇಲೆ ಹಕ್ಕು ಬರುವುದಕ್ಕೂ ಕುರ್ಚಿಯ ಮೇಲೆ ಕೂರುವುದಕ್ಕೂ ನಡುವೆ ಅರ್ಧ ಶತಮಾನಕ್ಕೂ ಮಿಕ್ಕಿದ ದಾರಿ ಇರಬಹುದು. ವೆಸ್ಟ್ ಪರ್ತ್ ಆ ದಾರಿಯನ್ನು ಒಂದೇ ಚುನಾವಣೆಯಲ್ಲಿ, 46 ಮತಗಳಲ್ಲಿ ದಾಟಿತು.

ಸಭೆಗೆ ಹೋದ ಎಡಿತ್ ಮಾಡಿದ್ದೇನು? ಮೊದಲ ಭಾಷಣದಲ್ಲೇ ಅವರು ಎತ್ತಿದ ವಿಷಯಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ಆಗ ಅಲ್ಲಿಯ ರೈಲಿನಲ್ಲಿ ಮಗುವಿನ ತಳ್ಳುಗಾಡಿಗೆ ಬೇರೆ ದುಡ್ಡು ಕೊಡಬೇಕಿತ್ತಂತೆ. ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಬರುವ ತಾಯಿಯ ಕಷ್ಟ ಗಂಡಸು ಮಂತ್ರಿಗಳಿಗೆ ಗೊತ್ತಿಲ್ಲ ಎಂದು ಅವರು ಸಭೆಯಲ್ಲೇ ಹೇಳಿದರು. ನಾನು ಮೊಮ್ಮಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಪರ್ತ್‌ನ ರೈಲು ಹತ್ತಿದಾಗಲೆಲ್ಲ ಆ ಮಾತು ನೆನಪಾಗುತ್ತಿತ್ತು. ತಳ್ಳುಗಾಡಿಗೆ ಯಾರೂ ಟಿಕೆಟ್ ಕೇಳಲಿಲ್ಲ.

ಖಾಸಗಿ ಸದಸ್ಯರು ತಂದ ಮಸೂದೆ ಕಾನೂನಾಗುವುದು ಅಪರೂಪ. ಎಡಿತ್ ತಂದವುಗಳಲ್ಲಿ ಎರಡು ಕಾನೂನಾದವು. 1922ರದ್ದು ಆಸ್ತಿಯ ವಿಷಯ: ಮದುವೆ-ಮಕ್ಕಳಿಲ್ಲದ ಮಗನೋ ಮಗಳೋ ಉಯಿಲು ಬರೆಯದೆ ಸತ್ತರೆ ಆ ಆಸ್ತಿಯಲ್ಲಿ ತಂದೆಯಷ್ಟೇ ತಾಯಿಗೂ ಪಾಲು. ಹೆತ್ತವಳಿಗೂ ಪಾಲುಂಟು ಎಂದು ಹೇಳಲು ಒಂದು ಕಾನೂನು ಬೇಕಾಯಿತು ನೋಡಿ.

ಎರಡನೆಯದು 1923ರದ್ದು. ಅದರ ಹಿಂದೆ ಒಂದು ಹಳೆಯ ನೋವಿತ್ತು. ಎಡಿತ್ ಹೇನ್ಸ್ ಎಂಬ ಹುಡುಗಿ ವಕೀಲಿಕೆ ಕಲಿಯುತ್ತಿದ್ದಳು. 1904ರಲ್ಲಿ ಪರೀಕ್ಷೆಗೆ ಕೂರಲು ಹೋದಾಗ ಅಲ್ಲಿಯ ಸುಪ್ರೀಂ ಕೋರ್ಟು ಬೇಡವೆಂದಿತು. ವಕೀಲರ ಕಾನೂನಿನಲ್ಲಿ 'ವ್ಯಕ್ತಿ' ಎಂದಿದೆ, ಆ ಮಾತಿನಲ್ಲಿ ಹೆಂಗಸು ಸೇರಿಲ್ಲ ಎಂಬುದು ಅದರ ತೀರ್ಪು. ಹೆಂಗಸು ವ್ಯಕ್ತಿಯೇ ಅಲ್ಲ! ಹತ್ತೊಂಬತ್ತು ವರ್ಷಗಳ ನಂತರ ಎಡಿತ್ ಕೌವನ್ ತಂದ ಕಾನೂನು ವಕೀಲಿಕೆಯ ಜೊತೆಗೆ ಬೇರೆ ವೃತ್ತಿಗಳ ಬಾಗಿಲನ್ನೂ ಹೆಂಗಸರಿಗೆ ತೆರೆಯಿತು. ವಿಚಿತ್ರವೆಂದರೆ ನಮ್ಮ ದೇಶದಲ್ಲೂ ಹೆಂಗಸರು ವಕೀಲರಾಗಬಹುದೆಂಬ ಕಾನೂನು ಬಂದದ್ದು ಅದೇ 1923ರಲ್ಲೇ. ಅದಕ್ಕೆ ಮೊದಲು ಕಲ್ಕತ್ತದಲ್ಲಿ, ಪಾಟ್ನಾದಲ್ಲಿ ಓದಿದ ಹುಡುಗಿಯರನ್ನು ಹೆಂಗಸರೆಂಬ ಕಾರಣಕ್ಕೇ ನ್ಯಾಯಾಲಯಗಳು ಹಿಂದೆ ಕಳಿಸಿದ್ದವು. ಎರಡು ದೂರದ ನೆಲಗಳಲ್ಲಿ ಒಂದೇ ಬೀಗ, ಅದು ಬಿದ್ದದ್ದೂ ಒಂದೇ ವರ್ಷ.

ಇಷ್ಟು ಮಾಡಿದವರನ್ನು ಕ್ಷೇತ್ರ ಮತ್ತೆ ಗೆಲ್ಲಿಸಿತೇ? ಇಲ್ಲ. ಪಕ್ಷ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಸ್ವಭಾವ ಅವರದಲ್ಲ. 1924ರಲ್ಲಿ ಸೋತರು. 1927ರಲ್ಲಿ ಮತ್ತೆ ನಿಂತರು, ಮತ್ತೆ ಸೋತರು. ವೆಸ್ಟ್ ಪರ್ತ್ ಮತ್ತೆ ಗಂಡಸರ ಕ್ಷೇತ್ರವಾಯಿತು. ಡ್ರೇಪರ್ ವಕೀಲರು, ಎಡಿತ್‌ರನ್ನು ಸೋಲಿಸಿದ ಥಾಮಸ್ ಡೇವಿ ವಕೀಲರು, 1933ರಿಂದ 1950ರವರೆಗೆ ಶಾಸಕರಾಗಿದ್ದ ರಾಸ್ ಮೆಕ್‌ಡೊನಾಲ್ಡ್ ಅವರೂ ವಕೀಲರೇ. ವಕೀಲರ ಆ ಸಾಲಿನ ನಡುವೆ ಮೂರೇ ವರ್ಷ ಕೂತ, ಕಾಲೇಜಿನ ಮೆಟ್ಟಿಲು ಹತ್ತದ ಹೆಂಗಸೊಬ್ಬಳು ಹೆಣ್ಣುಮಕ್ಕಳಿಗೆ ವಕೀಲಿಕೆಯ ಬಾಗಿಲು ತೆಗೆದು ಎದ್ದುಹೋದಳು. 1953ರಲ್ಲಿ ಲೇಬರ್ ಪಕ್ಷದ ಸ್ಟ್ಯಾನ್ಲಿ ಹೀಲ್ ಗೆದ್ದರು. ಅವರೇ ಕೊನೆಯ ಶಾಸಕರು. 1962ರಲ್ಲಿ ವೆಸ್ಟ್ ಪರ್ತ್ ಕ್ಷೇತ್ರವನ್ನು ರದ್ದು ಮಾಡಿದರು. ಈಗ ವೆಸ್ಟ್ ಪರ್ತ್ ಎಂಬುದು ಬಡಾವಣೆಯ ಹೆಸರು ಮಾತ್ರ.

ಎಡಿತ್ 1932ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ ಕಿಂಗ್ಸ್ ಪಾರ್ಕಿನ ಬಾಗಿಲಲ್ಲಿ ಅವರ ನೆನಪಿಗೆ ಗಡಿಯಾರದ ಕಂಬವೊಂದನ್ನು ನಿಲ್ಲಿಸಿದರು. ಅದಕ್ಕೂ ವಿರೋಧವಿತ್ತಂತೆ. ಮ್ಯಾಲ್ಕಮ್ ಬೀದಿಯಲ್ಲಿದ್ದ ಅವರ ಮನೆಯನ್ನು, 1991ರಲ್ಲಿ ಅವರ ಹೆಸರು ಹೊತ್ತ ವಿಶ್ವವಿದ್ಯಾಲಯ ಕೊಂಡು ತನ್ನ ಆವರಣದಲ್ಲಿ ಮತ್ತೆ ಕಟ್ಟಿಸಿದೆ. ಅವರು ಸೋತ ಮರುವರ್ಷ, 1925ರಲ್ಲಿ, ಮೇ ಹೋಲ್ಮನ್ ಎಂಬ ಇನ್ನೊಬ್ಬ ಮಹಿಳೆ ಅದೇ ಸಭೆಗೆ ಬೇರೆ ಕ್ಷೇತ್ರದಿಂದ ಬಂದರು. 1990ರಲ್ಲಿ ಅದೇ ಸಭೆಯ ಕಾರ್ಮೆನ್ ಲಾರೆನ್ಸ್ ಆಸ್ಟ್ರೇಲಿಯಾದ ಮೊದಲ ಮಹಿಳಾ ಪ್ರೀಮಿಯರ್ ಆದರು. ಪ್ರೀಮಿಯರ್ ಎಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡು ನಾನು ಪುಸ್ತಕ ಮುಚ್ಚಿಟ್ಟಿದ್ದೆ. ಒಂದು ದಿನ ಆ ನೋಟನ್ನು ತಿರುಗಿಸಿ ನೋಡಿದೆ. ಇನ್ನೊಂದು ಬದಿಯಲ್ಲಿ ಡೇವಿಡ್ ಯುನೈಪಾನ್ ಎಂಬವರ ಚಿತ್ರವಿದೆ. ಅವರು ದಕ್ಷಿಣ ಆಸ್ಟ್ರೇಲಿಯಾದ ಮೂಲನಿವಾಸಿ, ಲೇಖಕರು, ಯಂತ್ರಗಳನ್ನು ಕಂಡುಹಿಡಿದವರು. ಪರ್ತ್ ಇರುವ ನೆಲವೂ ವಾಜುಕ್ ನೂಂಗಾರ್ ಎಂಬ ಮೂಲನಿವಾಸಿಗಳದೇ. ಆದರೆ ವೆಸ್ಟ್ ಪರ್ತ್ ಕ್ಷೇತ್ರ ಬಾಳಿದ ಕಾಲದಲ್ಲಿ ಆ ಜನರಲ್ಲಿ ಬಹುತೇಕ ಎಲ್ಲರನ್ನೂ ಮತದಾರರ ಪಟ್ಟಿಯಿಂದ ಹೊರಗಿಟ್ಟಿದ್ದರು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅವರಿಗೆ ಈ ಹಕ್ಕು ಬಂದದ್ದು 1962ರಲ್ಲಿ. ಕ್ಷೇತ್ರ ಮುಗಿದ ವರ್ಷ!

ಎಡಿತ್ ಗೆದ್ದ 1921ರ ಆ ದಿನ, ಅದೇ ಬೀದಿಗಳಲ್ಲಿ ಮನೆಗೆಲಸ ಮಾಡುತ್ತಿದ್ದ ನೂಂಗಾರ್ ಹೆಂಗಸಿದ್ದರೆ, ಅವಳಿಗೆ ಆ ಗೆಲುವಿನಲ್ಲಿ ಯಾವ ಪಾಲಿತ್ತು? ನಾನು ಮೆಚ್ಚಿಕೊಂಡ ಕಥೆಯ ಅಂಚಿನಲ್ಲೇ ಈ ಪ್ರಶ್ನೆ ಕೂತಿತ್ತು. ಒಂದು ಬಾಗಿಲು ತೆರೆದ ಸಂತೋಷದಲ್ಲಿ, ಅಂಗಳದಲ್ಲೇ ನಿಂತವರು ನಮಗೆ ಕಾಣುವುದಿಲ್ಲ. ನಮ್ಮ ಮನೆಗಳಲ್ಲೂ ಹೀಗೆ ಎಷ್ಟೋ ಆಗಿದೆ. ಆ ನೋಟಿನ ಎರಡು ಬದಿಗಳನ್ನು ಒಟ್ಟಿಗೇ ನೆನಪಿಡಬೇಕು ಎಂದುಕೊಂಡೆ.

ನಮ್ಮ ಕಡೆಯೂ ಇಂಥ ಕಥೆಗಳಿಗೆ ಕೊರತೆಯಿಲ್ಲ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ, ಇನ್ನೂ ಇಪ್ಪತ್ತಮೂರರ ಹರೆಯದಲ್ಲಿ, ಮದರಾಸು ಶಾಸನಸಭೆಗೆ ನಿಂತರು. ಹೆಂಗಸರು ನಿಲ್ಲಬಹುದೆಂದು ಆಗಷ್ಟೇ ಆಗಿತ್ತು. ಅಲ್ಪ ಮತಗಳಿಂದ ಸೋತರು. ಎಡಿತ್‌ರನ್ನು ದಾಟಿಸಿದಂಥ ಒಂದು ಹಿಡಿ ಮತಗಳು ಇಲ್ಲಿ ಎದುರಿನ ತಕ್ಕಡಿಗೆ ಬಿದ್ದವು. ಸ್ವಾತಂತ್ರ್ಯ ಬಂದ ಮೇಲೆ 1951-52ರಲ್ಲಿ ನಮ್ಮ ಮೊದಲ ಮಹಾಚುನಾವಣೆ ನಡೆದಾಗ ಎಲ್ಲ ವಯಸ್ಕ ಹೆಂಗಸರಿಗೂ ಒಟ್ಟಿಗೇ ಮತ ಬಂತು. ಆದರೆ ಸುಮಾರು 28 ಲಕ್ಷ ಹೆಂಗಸರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಅವರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಅಂಥವರು ಹೆಚ್ಚಾಗಿದ್ದುದು ಉತ್ತರದ ರಾಜ್ಯಗಳಲ್ಲಿ.

ನಮ್ಮ ಮನೆಯಲ್ಲೂ ಹೀಗೇ ಆಗುವುದರಲ್ಲಿತ್ತೆಂದು ಅಮ್ಮ ಹೇಳುತ್ತಿದ್ದಳು. ಪಟ್ಟಿ ಬರೆಯಲು ಬಂದ ಶಾಲೆಯ ಮೇಷ್ಟ್ರಿಗೆ ಅಜ್ಜ ಜಗಲಿಯಲ್ಲಿ ಕೂತು, "ನಮ್ಮನೆಯವಳು ಅಂತ ಬರ್ಕೊಳಿ, ಸಾಕು" ಅಂದರಂತೆ. ಮೇಷ್ಟ್ರು ಒಪ್ಪಲಿಲ್ಲ. ಅಜ್ಜಿ ಬಾಗಿಲ ಮರೆಯಿಂದ ಮುಂದೆ ಬಂದು ತನ್ನ ಹೆಸರನ್ನು ತಾನೇ ಹೇಳಿದಳಂತೆ. ಆ ಮನೆಗೆ ಸೊಸೆಯಾಗಿ ಬಂದಮೇಲೆ ಆ ಹೆಸರಿನಿಂದ ಅವಳನ್ನು ಯಾರೂ ಕರೆದಿರಲಿಲ್ಲ. ಮತ ಹಾಕುವ ದಿನ ಕೊಟ್ಟಿಗೆ ಕೆಲಸ ಮುಗಿಸಿ, ತಲೆಗೆ ನೀರು ಹಾಕಿಕೊಂಡು, ಇದ್ದ ಒಂದೇ ಒಳ್ಳೆಯ ಸೀರೆ ಉಟ್ಟು ನಡೆದು ಹೋದಳಂತೆ.

ಮಗಳಿಗೆ ಇದನ್ನೆಲ್ಲ ಒಂದೇ ಸಲ ಹೇಳಲಿಲ್ಲ. ಮಗುವಿಗೆ ಎಣ್ಣೆ ಹಚ್ಚುವಾಗ ಸ್ವಲ್ಪ, ಬಟ್ಟೆ ಮಡಿಸುವಾಗ ಸ್ವಲ್ಪ ಹೇಳಿದೆ. ಅವಳು "ಹೂಂ" ಅನ್ನುತ್ತಾ ಕೇಳಿದಳು, ಒಪ್ಪಿದಳೆಂದು ಹೇಳಲಾರೆ. "46 ಜನ ಅವತ್ತು ಮಳೆ, ಬಿಸಿಲು, ಅಡುಗೆ ಅಂತ ಮನೇಲಿದ್ದಿದ್ರೆ?" ಎಂದಾಗ ಮಾತ್ರ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಆ ಸಂಜೆ ಪತ್ರಕ್ಕೆ ಉತ್ತರ ಬರೆದಳು. ಕಾರಣವೆಂದು ಬಸುರಿ ಎಂದೇ ಬರೆದಳು, ಅದು ಸುಳ್ಳೇನಲ್ಲ. ಲಕೋಟೆ ಅಂಟಿಸುತ್ತಾ, "ಅಜ್ಜಿ ಹೆಸರು ಏನಮ್ಮ? ನಿನ್ನ ಅಜ್ಜಿದು?" ಎಂದು ಕೇಳಿದಳು. ನನ್ನ ಮಗಳಿಗೆ ಅದು ಗೊತ್ತಿರಲಿಲ್ಲ ಎಂಬುದು ನನಗೂ ಅಂದೇ ತಿಳಿಯಿತು. ಹೇಳಿದೆ. ಅವಳು ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು, ತೊಟ್ಟಿಲಿನ ಕಡೆ ತಿರುಗಿ ಮಗುವಿಗೂ ಒಮ್ಮೆ ಹೇಳಿದಳು.